‘ಸಾಕ್ರಿ’ ಅಂದ ಮೇಲೆ

ಚಿಕ್ಕೋಡಿ,
ನವೆಂಬರ್ ೧೬, ಭಾನುವಾರ

ಪ್ರೀತಿಯ ಗಂಗಾ,

ನಿನ್ನ ಕೌಸರಳ ಸಲಾಮು. ಕಾಲು ಹೇಗಿದೆ? ಗೋಡೆ ಹಿಡಿದು ಬಚ್ಚಲತನಕ ನಡೆಯುತ್ತೀ ಎಂದು ನಿನ್ನ ಅವ್ವ ಸತ್ತೆವ್ವ ಹೇಳಿದರು. ನಿನ್ನೊಡನೆ ಫೋನಿನಲ್ಲಿ ಮಾತಾಡೋಣವೆಂದರೆ ನಿನ್ನ ಗಂಡ ಭರತ ಅದನ್ನು ಸ್ಪೀಕರಿಗೆ ಹಾಕಿ ಮಗ್ಗುಲಲ್ಲೇ ಕೂತಿರುತ್ತಾನೆ. ಹೆಂಡತಿಯ ಕಾಳಜಿಗೆಂದು ಚಿಕ್ಕೋಡಿ ಬಿಟ್ಟು ನಿನ್ನ ತವರು ಪಾಲಬಾವಿಗೆ ಬಂದು ಕೂತವನನ್ನು ಎದ್ದು ಹೋಗು ಅನ್ನಲಾದೀತೇ? ಅದಕ್ಕೇ ಈ ಕಾಗದ. ನಿಮ್ಮೂರಿಗೆ ಹೊರಟಿರುವ ತಾರಾಬಾಯಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಒಬ್ಬಳೇ ಇದ್ದಾಗ ಓದು.

ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಗಿನ ಯೋಗದ ಕ್ಲಾಸಿನ ಹೊತ್ತಿಗೆ ಸರಿಯಾಗಿ ಎಚ್ಚರವಾಗುತ್ತದೆ. ಎದ್ದು ಅಡಿಗೆಕಟ್ಟೆ ಒರೆಸುತ್ತೇನೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತೇನೆ. ಶಾಲೆಯಲ್ಲಿ ಮಕ್ಕಳಿಗೆ ಭಾಗಾಕಾರ ಹೇಳಿಕೊಡುತ್ತ ಅರ್ಧಕ್ಕೇ ಬಿಟ್ಟು ಕಿಟಕಿಗೆ ಹೋಗಿ ನಿಲ್ಲುತ್ತೇನೆ. ಅತ್ತೆ ಸರ್ವರಬಿ ನಿನ್ನೆ ನಕ್ಕರು: “ಯೋಗಾ ಕಲತ್ರ ಶಾಂತಿ ಬರತೈತಿ ಅಂತಿದ್ದಿ. ಕಾಲಿಗೆ ಗಾಲಿ ಕಟ್ಟಿಕೊಂಡಂಗ ತಿರಗಾಕತ್ತಿಯಲ್ಲವಾ!” ಕ್ಲಾಸು ಬಿಟ್ಟಿದ್ದೇನೆ ಎಂದು ಅವರಿಗೆ ಹೇಳಿದ್ದೇನೆ. ಯಾಕೆಂದು ಹೇಳಿಲ್ಲ.

ನಿನಗೆ ಹೇಳಲೇಬೇಕು. ತಮ್ಮ ಫೈಜಾನನ ಮದುವೆ ಮುಗಿಸಿ ನಾನು ಕುಡಚಿಯಿಂದ ವಾಪಸು ಬಂದಾಗ ಯೋಗದ ಹಾಲಿನ ಮೂಲೆಯಲ್ಲಿ ನಿನ್ನ ಮ್ಯಾಟು ಸುತ್ತಿ ನಿಲ್ಲಿಸಿತ್ತು. “ಮೆಟ್ಟಲ ಮ್ಯಾಗ ಜಾರಿ ಬಿದ್ಲು” ಎಂದು ಎಲ್ಲರೂ ಒಂದೇ ಮಾತು ಹೇಳಿದರು. ನೀನೂ ಅದನ್ನೇ ಹೇಳಿದೆ. ನಾನು ನಂಬಿದೆ. ಜಿನ್ನಪ್ಪನವರ ಬೀಜದಂಗಡಿಯಿಂದ ಮೇಲಿನ ಹಾಲಿಗೆ ಹತ್ತುವ ಆ ಮೆಟ್ಟಿಲುಗಳು ಮೊದಲೇ ಇಕ್ಕಟ್ಟು. ಹುಷಾರಾಗಿ ಇಳಿಯಬಾರದಿತ್ತೇ ಎಂದು ನಿನ್ನನ್ನು ಬೈದದ್ದೂ ನೆನಪಿದೆ.

ಕಳೆದ ವಾರ ನಿಜ ಹೊರಬಿತ್ತು. ಹಾಲಿನ ಡೇರಿಯ ಹೊಳೆವ್ವ ಮರೀಚ್ಯಾಸನಕ್ಕೆ ಕೂತಿದ್ದರು. ಒಂದು ಪಾದ ತೊಡೆಯ ಮೇಲೆ, ಇನ್ನೊಂದು ಮಂಡಿ ಮೇಲಕ್ಕೆ, ಮೈ ಹಿಂದಕ್ಕೆ ತಿರುಗಬೇಕು. ನಾನು ತಿಂಗಳುಗಟ್ಟಲೆ ಸಿಕ್ಕಿಕೊಂಡಿರುವುದೂ ಅಲ್ಲೇ. ರಾವಸಾಹೇಬ ಸರ್ ಹಿಂದಿನಿಂದ ಬಂದು ಹೊಳೆವ್ವನ ಮಂಡಿಯನ್ನು ನೆಲಕ್ಕೆ ಒತ್ತಿದರು.

“ಸಾಕ್ರಿ ಸರ್,” ಎಂದರು ಹೊಳೆವ್ವ.

“ಇನ್ನೊಂದು ಉಸುರು ತಗೋರಿ. ಕೀಲು ಬಿಚ್ಚಾಕತ್ತೈತಿ.”

“ಸಾಕ್ರಿ! ಯವ್ವಾ!”

ಯಾರೂ ತಿರುಗಿ ನೋಡಲಿಲ್ಲ. ದೃಷ್ಟಿ ಮೂಗಿನ ತುದಿ ಬಿಟ್ಟು ಕದಲಬಾರದು ಎಂದು ಕಲಿಸಿದ್ದಾರಲ್ಲ. ನಾನು ಹೇಗೆ ಎದ್ದೆನೋ ತಿಳಿಯದು. ಹೋಗಿ ಸರ್ ಮುಂಗೈ ಹಿಡಿದಿದ್ದೆ. “ಕೈ ತಗೀರಿ. ಸಾಕು ಅನ್ನೂದು ಕೇಳವಲ್ದ ನಿಮಗ?” ಎಂದುಬಿಟ್ಟೆ. ಸರ್ ಕೈ ತೆಗೆದರು.

ಆಮೇಲೆ ಹೊಳೆವ್ವ ಮಂಡಿ ತಿಕ್ಕಿಕೊಳ್ಳುತ್ತ ನನ್ನ ಕಿವಿಯಲ್ಲಿ ಹೇಳಿದರು: “ಗಂಗಾನೂ ಹಿಂಗ ಅಂದಿದ್ಲು. ಕಾಲಾಗ ಲಟಕ್ ಅಂದದ್ದು ನನಗ ಕೇಳ್ತು. ಸರ್ ಮುಖ ಬೆಳ್ಳಗಾಗಿತ್ತು. ಆದ್ರ ಅಕಿನ ನಮಗೆಲ್ಲಾ ಕೈ ಮುಗದ್ಲು. ‘ಮೆಟ್ಟಲ ಮ್ಯಾಗ ಬಿದ್ಲು ಅನ್ರಿ. ಖರೇ ಗೊತ್ತಾದ್ರ ನಮ್ಮ ಮಾವ ಮತ್ತ ಹೊಸ್ತಿಲಾ ದಾಟಾಕ ಬಿಡಂಗಿಲ್ಲ’ ಅಂದ್ಲು.”

ಗಂಗಾ, ನಿನ್ನ ಮೇಲೆ ನನಗೆ ಸಿಟ್ಟು ಬಂತು. ಹಿಂದೆಯೇ ಸಿಟ್ಟೆಲ್ಲ ಇಳಿದೂ ಹೋಯಿತು. ಆ ಯೋಗದ ಹಾಲು ನಿನಗೆ ಏನಾಗಿತ್ತೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಲ್ಲಿ ನೀನು ಯಾರ ಸೊಸೆಯೂ ಅಲ್ಲ, ನಾನು ಟೀಚರಮ್ಮನೂ ಅಲ್ಲ. ಮೊದಲ ದಿನ ಪ್ರಾರ್ಥನೆಯ ಹೊತ್ತಿಗೆ ನಾನು ಹಿಂಜರಿದಾಗ ಸರ್ ಹೇಳಿದ್ದರು: “ಬ್ಯಾಡ ಅನಸಿದ್ರ ಸುಮ್ಮ ನಿಂದರ್ರಿ. ಉಸುರು ಎಲ್ಲಾರದೂ ಒಂದ.” ಮೈಸೂರಿನಲ್ಲಿ ವರ್ಷಾನುಗಟ್ಟಲೆ ಕಲಿತು ಬಂದ ಅದೇ ಮನುಷ್ಯ ನಿನ್ನ ಮಂಡಿಯ ಮೇಲೆ ಕೈ ಇಟ್ಟದ್ದು. ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಳ್ಳಲು ನನ್ನಿಂದ ಆಗುತ್ತಿಲ್ಲ.

ಎಲ್ಲರೂ ಇಳಿದುಹೋಗುವತನಕ ಕಾದು ಸರ್ ಮುಂದೆ ನಿಂತೆ. ಗಂಗಾಳ ಮಂಡಿಯೊಳಗಿನ ಗಾದಿ ಹರಿದಿದೆ, ಇನ್ನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬಾರದು ಎಂದು ಮಿರಜಿನ ಡಾಕ್ಟರು ಹೇಳಿದ್ದಾರೆ ಎಂದೆ.

“ಮೈ ಬಿಚ್ಚೂ ಮುಂದ ನೋವ ಆಗೂದ ಕೌಸರಬಾಯಿ. ನನಗೂ ಹಿಂಗ ಕಲಿಸ್ಯಾರ.”

“ಮತ್ತ ನೀವ್ಯಾಕ ಮೆಟ್ಟಲಾ ಅಡ್ಡಾಗಿ ಇಳೀತೀರಿ ಸರ್?”

ನೀನೂ ನೋಡಿದ್ದೀಯಲ್ಲ, ಪಕ್ಕದ ಕಂಬಿ ಹಿಡಿದು, ಮಂಡಿ ಮಡಚದೆ ಒಂದೊಂದೇ ಮೆಟ್ಟಿಲು ಅವರು ಇಳಿಯುವುದನ್ನು. ಸರ್ ತಮ್ಮ ಮಂಡಿ ಹಿಡಿದು ನೆಲಕ್ಕೆ ಕೂತರು. ಕೂತಲ್ಲೇ ಅಂದರು: “ಜಾರಿ ಬಿದ್ದೆ ಅಂತ ಅಕಿನ ಅಂದ್ಲರಿ. ನಾನು ಹೂಂ ಅಂದೆ. ಹೂಂ ಅನ್ನೂದು ಹಗರ ಇತ್ತು.”

ಆ ದಿನದಿಂದ ಕ್ಲಾಸು ಬಿಟ್ಟೆ.

ನೀನು ಹೇಳಿದ ಸುಳ್ಳು ಇಲ್ಲಿ ಏನು ಮಾಡಿದೆ ಎಂಬುದು ನಿನಗೆ ಗೊತ್ತಿರಲಾರದು. ಪಾಲಬಾವಿಗೆ ಹೊರಡುವ ಮುಂಚೆ ಭರತ ಜಿನ್ನಪ್ಪನವರ ಅಂಗಡಿಗೆ ಹೋಗಿ, ಗಿರಾಕಿಗಳ ಎದುರಿಗೇ, ನಿಮ್ಮ ಮೆಟ್ಟಿಲು ನನ್ನ ಹೆಂಡತಿಯ ಕಾಲು ತಿಂದಿತು ಎಂದು ಕೂಗಾಡಿದ್ದಾನೆ. ಆ ಮುದುಕರು ಈಗ ಸರ್‌ಗೆ ಮೇಲಿನ ಹಾಲು ಖಾಲಿ ಮಾಡಿ ಎಂದಿದ್ದಾರೆ. “ನನ್ನ ಮೆಟ್ಟಲದಾಗ ಒಬ್ಬ ಹೆಣಮಗಳ ಕಾಲ ಹೋತು. ಇನ್ನೊಬ್ಬಾಕಿದು ಹೋಗೂದು ಬ್ಯಾಡ” ಎನ್ನುತ್ತಾರೆ. ನೀನು ಉಳಿಸಲು ಹೋದ ಕ್ಲಾಸು ನಿನ್ನ ಮಾತಿನಿಂದಲೇ ಮುಚ್ಚುತ್ತಿದೆ. ತಪ್ಪಿಲ್ಲದ ಜಿನ್ನಪ್ಪನವರು ಪೇಟೆಯಲ್ಲಿ ತಲೆತಗ್ಗಿಸಿ ಓಡಾಡುತ್ತಿದ್ದಾರೆ.

ಶುಕ್ರವಾರ ಸರ್ ನಮ್ಮ ಮನೆಗೆ ಬಂದರು. ನಮ್ಮವರು ಜುನೇದ ಚಹಾ ಕೊಟ್ಟರೆ ಮುಟ್ಟಲಿಲ್ಲ. ಕ್ಲಾಸಿನಲ್ಲಿ ಎಲ್ಲರ ಮುಂದೆ ತಪ್ಪು ತಮ್ಮದೆಂದು ಹೇಳಿದ್ದಾರಂತೆ, ಇನ್ನು ಯಾರ ಮೈಯನ್ನೂ ಒತ್ತುವುದಿಲ್ಲ ಅಂದಿದ್ದಾರಂತೆ. “ಜಿನ್ನಪ್ಪಗ ಹೇಳೇನಿ, ಹಾಲು ಉಳಿಸಾಕ ಹೇಳಾಕತ್ತಿ ಅಂತ ಅಂವ ನಂಬವಲ್ಲ. ಈಗ ಪಾಲಬಾವಿಗೆ ಹೋಗಿ ಭರತಗೂ ನಾನ ಹೇಳತೇನ್ರಿ. ಬೈದ್ರ ಬೈಲಿ, ಹೊಡದ್ರ ಹೊಡೀಲಿ” ಎಂದರು. ಗಂಗಾಳನ್ನು ಕೇಳದೆ ಹೋಗಬೇಡಿ ಎಂದು ನಾನೇ ತಡೆದಿದ್ದೇನೆ. ಕಾಲು ನಿನ್ನದು, ಮಾತೂ ನಿನ್ನದೇ.

ನನ್ನನ್ನು ಕೇಳಿದರೆ, ಅವರು ಬರುವ ಮೊದಲು ನೀನೇ ಭರತನಿಗೆ ಹೇಳು. ನಿನ್ನ ಮಾವ ಹೊಸ್ತಿಲಿಗೆ ಅಡ್ಡ ನಿಂತರೆ ನಾನು ಬಂದು ಮಾತಾಡುತ್ತೇನೆ. ಅವರು ನನಗೆ ಹೆದರುತ್ತಾರೆ, ಮೊಮ್ಮಗನ ಟೀಚರ್ ನಾನೇ! ಹೇಳುವುದಿಲ್ಲ ಎಂದರೂ ನಾನು ನಿನ್ನ ಗೆಳತಿಯೇ. ಆದರೆ ಜಿನ್ನಪ್ಪನವರ ಅಂಗಡಿಯಲ್ಲಿ ಭರತ ಕೂಗಿದ ಮಾತನ್ನು ಭರತನೇ ಹೋಗಿ ತಿರುಗಿ ತರಬೇಕು. ಅದಕ್ಕೆ ನೀನು ಬಾಯಿ ತೆರೆಯದೆ ಬೇರೆ ದಾರಿಯಿಲ್ಲ.

ಸತ್ತೆವ್ವನವರಿಗೆ ನಮಸ್ಕಾರ ಹೇಳು. ತಾರಾಬಾಯಿ ಬುಧವಾರ ಹಿಂದಿರುಗುತ್ತಾಳೆ. ಹೂಂ ಅಥವಾ ಊಹೂಂ, ಒಂದು ಮಾತು ಹೇಳಿ ಕಳಿಸು.

ನಿನ್ನವಳೇ,
ಕೌಸರ

ತಾ.ಕ.: ಕ್ಲಾಸು ಬಿಟ್ಟೆ ಎಂದು ಮೇಲೆ ಬರೆದೆ. ಅದು ನಿನ್ನೆಯವರೆಗಿನ ಮಾತು. ಇವತ್ತು ಬೆಳಗ್ಗೆ ಹೋಗಿದ್ದೆ, ತಡೆಯಲಾಗಲಿಲ್ಲ. ಮರೀಚ್ಯಾಸನದಲ್ಲಿ ನನ್ನ ಬೆರಳುಗಳು ಬೆನ್ನ ಹಿಂದೆ ಒಂದನ್ನೊಂದು ಹುಡುಕುತ್ತಿದ್ದವು, ಸಿಗಲಿಲ್ಲ. ಸರ್ ಹತ್ತಿರ ಬಂದು, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತರು. ಗಂಗಾ, ಒಂದು ಕ್ಷಣ ನನಗೆ ಅವರು ಒಮ್ಮೆ ಒತ್ತಿಬಿಡಬಾರದೇ ಅನ್ನಿಸಿತು. ಈ ಮಾತನ್ನು ಜುನೇದನಿಗೂ ಹೇಳಿಲ್ಲ.