ಬಿಳಿ ಹುಬ್ಬಿನ ಫೋಟೋ

ಪ್ರೀತಿಯ ಬಾಯ್ಲರ್ ಮಾಮನಿಗೆ ನಮಸ್ಕಾರ.

ಮುಂದಿನ ವಾರ ನೌಕಾಪಡೆಯವರು ಅಪ್ಪನಿಗೂ ನಿಮಗೂ ಸನ್ಮಾನ ಮಾಡುತ್ತಾರಲ್ಲ, ಅದಕ್ಕೆಂದು ಹಳೆಯ ಫೋಟೋ ಹುಡುಕುತ್ತಿದ್ದೆ. ನೀವಿಬ್ಬರೂ ಹಡಗಿನ ಎಂಜಿನ್ ಕೋಣೆಯಲ್ಲಿ ನಗುತ್ತಾ ನಿಂತದ್ದೊಂದು ಸಿಕ್ಕಿತು. ಇಬ್ಬರ ಹುಬ್ಬು, ಮೀಸೆ ಎಲ್ಲ ಬೆಳ್ಳಗಿವೆ. ಇಪ್ಪತ್ತೈದರ ವಯಸ್ಸಿಗೆ ಇದೇನು ವೇಷ ಎಂದು ಅಪ್ಪನನ್ನೇ ಕೇಳಿದೆ.

"ಬಿಸಿ ಪೈಪಿಗೆ ಸುತ್ತಿದ್ದ ಹೊದಿಕೆ ಕಿತ್ತರೆ ಉದುರ್ತಿದ್ದ ಪುಡಿ ಕಣಮ್ಮ. ಉಂಡೆ ಕಟ್ಟಿ ಎಸೆದಾಡ್ತಿದ್ವಿ. ಶುರು ಮಾಡಿದ್ದು ಅವನೇ," ಎಂದು ನಕ್ಕರು. ನಕ್ಕದ್ದು ಕೆಮ್ಮಿಗೆ ತಿರುಗಿ ಕಾಲು ಗಂಟೆ ನಿಲ್ಲಲಿಲ್ಲ. ಶುರು ಮಾಡಿದ್ದು ನಿಜವಾಗಿಯೂ ನೀವೇನಾ?

ಫೋಟೋವನ್ನು ಅಪ್ಪನ ಕೆಮ್ಮಿಗೆ ಮದ್ದು ಕೊಡುವ ಡಾಕ್ಟರಿಗೆ ತೋರಿಸಿದೆ. ಅದು ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್ ಪುಡಿ ಇರಬೇಕು, ಎದೆಯೊಳಗೆ ನಲವತ್ತು ವರ್ಷ ಸದ್ದಿಲ್ಲದೆ ಕೂತಿದ್ದು ಆಮೇಲೆ ಕಾಡುತ್ತದೆ ಎಂದರು. ನಿಮಗೂ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ? ಮುಚ್ಚಿಡಬೇಡಿ ಮಾಮ.

ಹೊರಡುವಾಗ ಡಾಕ್ಟರು ಕೇಳಿದರು: "ಅವರ ಬಟ್ಟೆ ಒಗೀತಿದ್ದದ್ದು ಯಾರು?"

ಹಡಗು ರಿಪೇರಿಗೆ ನಿಂತಾಗಲೆಲ್ಲ ಅಪ್ಪ ಸಂಜೆ ಮನೆಗೆ ಬರುತ್ತಿದ್ದರು. ಅಮ್ಮ ಅವರ ಅಂಗಿಯನ್ನು ಹಿತ್ತಲಲ್ಲಿ ಚೆನ್ನಾಗಿ ಕೊಡವಿ ಒಗೆಯಲು ಹಾಕುತ್ತಿದ್ದಳು. ಕಲ್ಲಿನ ಮೇಲೆ ಕೂತ ಆ ಬಿಳಿ ಧೂಳಿನಲ್ಲಿ ನಾನು ಬೆರಳಿಂದ ಹಡಗು ಬರೆಯುತ್ತಿದ್ದೆ.

ಸನ್ಮಾನಕ್ಕೆ ಎರಡು ದಿನ ಮೊದಲೇ ಬನ್ನಿ. ಅತ್ತೆಯನ್ನು ಮರೆಯದೆ ಕರೆತನ್ನಿ. ಎದೆಯ ಎಕ್ಸ್‌ರೇಗೆ ಐದು ಹೆಸರು ಬರೆಸಿದ್ದೇನೆ: ಅಪ್ಪ, ನೀವು, ಅಮ್ಮ, ಅತ್ತೆ. ಕೊನೆಯದು ನನ್ನದು.

ದಾರಿ ನೋಡುತ್ತಿರುವ,
ನಿಮ್ಮ ಗೆಳೆಯನ ಮಗಳು