ಹೆನ್ರಿ, ಇಂಜಿನ್ ತಣ್ಣಗಿತ್ತು

ಅಲ್ ಹಿಲಾಲ್, ದೋಹಾ

ಹೆನ್ರಿ,

ಕ್ಷೇಮ ಸಮಾಚಾರ ಆಮೇಲೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನ ಕಾಗದ ಇದು, ತಪ್ಪಿದ್ದರೆ ನೀನೇ ಸರಿಮಾಡಿಕೊಂಡು ಓದು. ಮೊದಲು ಸುದ್ದಿ ಕೇಳು: ನಾನು ಗೆದ್ದೆ ಮಾರಾಯ.

ನನ್ನ ಅಳಿಯ ವಿಕಾಸ್ ರಾಸ್ ಲಫಾನ್‌ನಲ್ಲಿ ಶಿಫ್ಟ್ ಕೆಲಸದವನು. ರಜೆ ಸಿಕ್ಕಿದರೆ ಮರಳುಗಾಡಿಗೆ ಓಡುವ ಹುಚ್ಚು. ಅವನಿಗೆ ಒಂದು ಹಳೇ ಡೀಸೆಲ್ ಮೋಟಾರ್‌ಹೋಮ್ ಮೇಲೆ ಮನಸ್ಸಾಯಿತು. ಒಳಗೇ ಮಂಚ, ಒಲೆ, ಕಕ್ಕಸು. ಇಪ್ಪತ್ತು ವರ್ಷದ ಗಾಡಿ. ಯಜಮಾನರು ಅಲ್ ವಕ್ರಾದ ವೆಂಕಟರಾಮು, ಮೈಸೂರಿನವರು, ಕೆಲಸ ಬಿಟ್ಟು ಊರಿಗೆ ಹೊರಟವರು. ನೋಡಲು ಮಗಳು-ಅಳಿಯ ನನ್ನನ್ನೂ ಕರೆದರು. ಹೊರಡುವಾಗಲೇ, ಜೊತೆಗೆ ಬಂದ ಮಗಳು ಮೋಕ್ಷಾ ಹೇಳಿದಳು, "ಅಪ್ಪ, ನೋಡಿದ್ರೆ ಸಾಕು, ಬೈಬೇಡಿ."

ನಾವು ಅಲ್ಲಿಗೆ ಮುಟ್ಟುವಾಗ ಗಾಡಿ ಸ್ಟಾರ್ಟ್ ಆಗಿಯೇ ಇತ್ತು. "ಬನ್ನಿ ಸಾರ್, ನಿಮಗೆ ಸೆಕೆ ಆಗ್ಬಾರ್ದು ಅಂತ ಎಸಿ ಹಾಕಿಟ್ಟಿದೀನಿ" ಎಂದರು ವೆಂಕಟರಾಮು. ವಿಕಾಸನ ಮುಖ ಅರಳಿತು. ನಾನು ಇಂಜಿನ್ನಿನ ಮೇಲೆ ಕೈ ಇಟ್ಟೆ. ಸುಟ್ಟಿತು. ಆ ಉರಿಯಲ್ಲಿ ನೀನು ನೆನಪಾದೆ.

ಹದಿನಾಲ್ಕು ವರ್ಷದ ಹಿಂದೆ, ಇಲ್ಲಿ ಒಂದೇ ಗ್ಯಾರೇಜಿನಲ್ಲಿ ದುಡಿಯುವಾಗ, ನಾವಿಬ್ಬರೂ ಸೇರಿ ಕೊಂಡ ಆ ಮಿನಿಬಸ್ಸು. ಅದೂ ಹೀಗೆಯೇ ಬಿಸಿ ಇತ್ತು. "ಸಂಕಪ್ಪ, ಬಿಸಿ ಇಂಜಿನ್ ಸುಳ್ಳು ಹೇಳ್ತದೆ, ರೋಗ ಗೊತ್ತಾಗುದು ತಣ್ಣಗಿರುವಾಗ, ನಾಳೆ ಬೆಳಿಗ್ಗೆ ಬರುವ" ಎಂದಿದ್ದೆ ನೀನು. ಇಂಜಿನ್ನಿನ ಸದ್ದು ತಿಳಿಯಲು ನನ್ನ ಕಿವಿಯೇ ಸಾಕೆಂದು ನಾನು ವ್ಯಾಪಾರಕ್ಕೆ ಕೈ ಕುಲುಕಿಬಿಟ್ಟೆ. ಮರುದಿನದಿಂದ ಅದು ತಳ್ಳದೆ ಹೊರಡಲಿಲ್ಲ. ತಿಂಗಳಲ್ಲಿ ಇಂಜಿನ್ ಹೋಯಿತು. ಇಡೀ ಗ್ಯಾರೇಜಿನ ಎದುರು ನಾನು ಕೂಗಾಡಿದ್ದು ಮಾತ್ರ ನಿನ್ನ ಮೇಲೆ. ನೀನು ಕೈ ಒರೆಸಿಕೊಂಡು ಹೋದೆ. ಮತ್ತೆ ಊರಿಗೇ ಹೋದೆ. ನಾನು ಏರ್‌ಪೋರ್ಟಿಗೂ ಬರಲಿಲ್ಲ.

ಈ ಸಲ ಹೇಳಿದೆ, "ಆಫ್ ಮಾಡಿ. ನಾಳೆ ಬೆಳಿಗ್ಗೆ ಆರಕ್ಕೆ ಬರ್ತೇವೆ. ಅಲ್ಲಿವರೆಗೆ ಕೀ ಮುಟ್ಟಬೇಡಿ."

ವಿಕಾಸ್ ದಾರಿಯಿಡೀ ಸಿಡುಕಿದ. "ಮಾವ, ನಾಳೆ ಹತ್ತು ಗಂಟೆಗೆ ಬೇರೆ ಪಾರ್ಟಿ ಬರ್ತದೆ. ಗಾಡಿ ಹೋಯ್ತು ಅಂತ್ಲೇ ಲೆಕ್ಕ."

"ಹೋದ್ರೆ ಹೋಗ್ಲಿ, ಖಲಾಸ್" ಎಂದೆ. ಒಳಗೆ ಮಾತ್ರ ಹೆದರಿಕೆ. ಈ ಸಲವೂ ತಪ್ಪಿದರೆ ಬೈಯಲು ನೀನೂ ಇಲ್ಲವಲ್ಲ.

ಆರಕ್ಕೆ ಹೋಗಿ ಕೈ ಇಟ್ಟೆ. ತಣ್ಣಗಿತ್ತು. ವೆಂಕಟರಾಮು ಕೀ ಮುಟ್ಟಿರಲಿಲ್ಲ; ನಿಜವಾಗಿಯೂ ನಮ್ಮ ಸೆಕೆಗೇ ಎಸಿ ಹಾಕಿದ್ದರು ಪಾಪ. ರೇಡಿಯೇಟರ್ ನೀರಿನಲ್ಲಿ ಎಣ್ಣೆಯ ಪಸೆ ಇರಲಿಲ್ಲ. ಇಂಜಿನ್ ಕಾಯಿಸುವ ಹೀಟರಿನ ಲೈಟ್ ಆರುವವರೆಗೆ ಕಾದು ಕೀ ತಿರುಗಿಸಿದೆ. ಒಂದೇ ತಿರುವಿಗೆ ಹಿಡಿಯಿತು! ಒಂದಿಷ್ಟು ಹೊಗೆ ಬಿಟ್ಟು ನಿಚ್ಚಳವಾಯಿತು. ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತೆಗೆದೆ. ಒಳಗಿನಿಂದ ಹೊಗೆ ಉಗುಳಲಿಲ್ಲ. ಎದೆ ಗಟ್ಟಿ ಇರುವ ಇಂಜಿನ್, ಹೆನ್ರಿ.

"ರೂಫೂ ಗಟ್ಟಿ ಸಾರ್, ನನ್ನ ಕಾಲದಲ್ಲಿ ಒಂದು ಹನಿ ಸೋರಿಲ್ಲ" ಎಂದರು ಅವರು.

"ಇಲ್ಲಿ ಮಳೆ ಬಂದ್ರಲ್ವಾ ಸೋರುದು?" ಎಂದೆ. ಮೋಕ್ಷಾ ಕಿಸಕ್ಕೆಂದಳು. ನಮ್ಮ ಕರಾವಳಿಯವರಲ್ಲದೆ ಈ ಊರಲ್ಲಿ ಯಾರಿಗೆ ಹೊಳೆಯಬೇಕು ಅದು? ಪೈಪು ತರಿಸಿ ಗಾಡಿಯ ಮೇಲೆ ಅರ್ಧ ಗಂಟೆ ನಮ್ಮೂರ ಆಟಿ ತಿಂಗಳ ಜಡಿಮಳೆ ಸುರಿಸಿದೆ. ಮಂಚದ ಮೇಲಿನ ಕಿಂಡಿಯಿಂದ ಟಪ್ ಟಪ್. ಬಿಸಿಲಿಗೆ ಒಣಗಿ ಸೀಳಿದ ರಬ್ಬರು, ಅಷ್ಟೇ. ಹಲಗೆ ಒತ್ತಿ ನೋಡಿದೆ, ಕೊಳೆತಿರಲಿಲ್ಲ. ವೆಂಕಟರಾಮು ತಲೆ ಮೇಲೆ ಕೈ ಹೊತ್ತು ನಕ್ಕರು. ಟಯರುಗಳ ಆಯುಷ್ಯ ಮಾತ್ರ ಮುಗಿದಿತ್ತು, ಹೊಸದರ ದುಡ್ಡು ಬೆಲೆಯಲ್ಲಿ ಇಳಿಸಬೇಕು ಎಂದೆ. ಆಗಲಿ ಎಂದರು. ಹತ್ತರ ಪಾರ್ಟಿ ಬರುವ ಮೊದಲು ಕೀ ನಮ್ಮ ಕೈಯಲ್ಲಿತ್ತು.

"ಮಾವ, ಇದನ್ನೆಲ್ಲ ಎಲ್ಲಿ ಕಲಿತದ್ದು?" ವಿಕಾಸ್ ಕೇಳಿದ.

"ಮಳೆ ನನ್ನದು. ಕೈ ಇಡುವುದು ಹೆನ್ರಿಯದ್ದು" ಎಂದೆ. ಹದಿನಾಲ್ಕು ವರ್ಷದಲ್ಲಿ ಮಗಳ ಎದುರು ನಿನ್ನ ಹೆಸರು ಹೇಳಿದ್ದು ಅದೇ ಮೊದಲು. ಅವಳು ನನ್ನ ಮುಖವನ್ನೇ ನೋಡಿದಳು.

ಮಿನಿಬಸ್ಸಿನ ತಪ್ಪು ನನ್ನದು. ಬರೆದೆ ನೋಡು. ಇನ್ನೊಮ್ಮೆ ಬರೆಸಬೇಡ.

ಕಿಂಡಿಗೆ ಹೊಸ ರಬ್ಬರು ನಾನೇ ಕೂರಿಸಿದೆ. ಮತ್ತೆ ನೀರು ಹೊಯ್ದೆ, ಹನಿ ಬೀಳಲಿಲ್ಲ. ಆ ಮಂಚ ನಿನಗೆ. ವೀಸಾ ವಿಕಾಸ್ ನೋಡಿಕೊಳ್ಳುತ್ತಾನೆ. ಜನವರಿಯ ಚಳಿಗೆ ಬಾ. ನೀನು ಬರುವ ದಿನ ಕೀ ಯಾರೂ ಮುಟ್ಟದ ಹಾಗೆ ನನ್ನ ಕಿಸೆಯಲ್ಲೇ ಇಟ್ಟುಕೊಳ್ಳುತ್ತೇನೆ. ಮೊದಲು ನೀನು ಕೈ ಇಟ್ಟು ನೋಡು. ಆಮೇಲೆ ಹೊರಡುವ.

ಆ ಕೈ ನೂರು ವರ್ಷ ಗಟ್ಟಿಯಾಗಿರಲಿ ಎಂದು ಹರಸುವ,

ಈ ಸಲ ಏರ್‌ಪೋರ್ಟಿಗೆ ಬರುವವನು,
ಸಂಕಪ್ಪ