ಶಾಲಿ ಜೋಕಾಲಿಯ ಸೊಟ್ಟ ಅಳತಿ

೧೮ ನವೆಂಬರ್ ೧೯೯೮, ಬುಧವಾರ, ಬೆಟಗೇರಿ

ಆ ಹಾಳಾದ ಸಾಧನ ಕಣ್ಣಮುಂದಿನಿಂದ ಸರಿವಲ್ದು. ಪೈಪಿನ ಬಾಗು ಅಳಿಯೂ ಸಾಧನ ಪ್ಯಾಟ್ಯಾಗ ತುಟ್ಟಿ ಅಂತ, ಮಗಳು ಸಬೀನಾಳ ಪ್ಲಾಸ್ಟಿಕ್ ಕೋನಮಾಪಕಕ್ಕ ಎರಡು ಗರಗಸದ ಬ್ಲೇಡ್ ಜೋಡಿಸಿ ನಾನ ಮಾಡಿದ್ದೆ. ನಮ್ಮ ಅಬ್ಬಾ ಇದ್ದಾಗ ನೆಲದ ಮ್ಯಾಲ ಸುಣ್ಣದ ಗೆರಿ ಹೊಡದು, ಅದರ ಮ್ಯಾಲ ಪೈಪ ಇಟ್ಟು ನೋಡತಿದ್ರು. ನಾನು ನಗತಿದ್ದೆ. ಇವತ್ತ ಶಾಲಿ ಜೋಕಾಲಿಗೆ ಬಾಗಿಸಿ ಉಳಿದ ಪೈಪ ಹಂಗ ಇಟ್ಟು ನೋಡಿದ್ರ ನಾಕು ಬೆರಳ ಫರಕ! ಕಾಸಿದ ಪೈಪಿಗೆ ಹಚ್ಚಿ ಹಚ್ಚಿ ಪ್ಲಾಸ್ಟಿಕ್ ಸೊಟ್ಟ ಆಗೇತಿ, ನಾ ಮಬ್ಬ ನೋಡೇ ಇಲ್ಲ. ಅದ ಅಳತಿಲೆ ಬಾಗಿಸಿದ ಜೋಕಾಲಿ ಸೋಮವಾರ ಶಾಲ್ಯಾಗ ನಿಲ್ಲಿಸಿ ಬಂದೇನಿ. ಮುಂಜಾನೆ ಗಂಟಿ ಹೊಡಿಯೂದರೊಳಗ ಹೋಗಿ ಬಿಚ್ಚಬೇಕು.

ಊಟಕ್ಕ ಕುಂತಾಗ ಸಬೀನಾ ನಕ್ಕೋಂತ ಅಂದ್ಲು: "ಅಬ್ಬಾ, ಜೋರ ಜೀಕಿದ್ರ ಜೋಕಾಲಿ ಒಂದ ಕಡೆ ಕಾಲು ಎತ್ತತೈತಿ. ನಾಳೆ ಗಂಟಿಗೂ ಮದಲ ಹೋಗಿ ನಾವೆಲ್ಲಾ ಕೂಡಿ ನಾಕೂ ಕಾಲು ಎತ್ತಸ್ತೇವಿ."